ಕ್ಯಾಟಲಾಗಿನಲ್ಲಿ ನಾಲ್ಕು ಸಾಲು

ಜನವರಿ 9

ಅಪ್ಪಾ,

ಈ ಕಾಗದದ ಜೊತೆ ಬಂದಿರುವ ಪೊಟ್ಟಣವನ್ನು ದಯವಿಟ್ಟು ಆಫೀಸಿನಲ್ಲಿ ಬಿಚ್ಚಬೇಡಿ. ನಿಮ್ಮ ಮೇಜಿನ ಮೇಲೆ ಬಿದ್ದ ಪುಸ್ತಕದ ಗತಿ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಮನೆಗೆ ಒಯ್ದು, ಕೈಕಾಲು ತೊಳೆದು, ಕುರ್ಚಿಯಲ್ಲಿ ಕೂತು ಬಿಚ್ಚಿ. ಒಳಗಿರುವುದು ಒಂದೇ ಪುಸ್ತಕ. ಬರೆದವಳು ನಾನು.

ನಗಬೇಡಿ. ಕನ್ನಡಕದ ಅಂಗಡಿಯಲ್ಲಿ ಗಾಜು ತೇಯುವವಳಿಗೆ ಪುಸ್ತಕ ಬರೆಯುವ ತೀಟೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅಪ್ಪನ ಕಡೆಯಿಂದ ಎಂದೇ ಹೇಳಬೇಕು. ನಮ್ಮ ಅಂಗಡಿಗೆ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ಅಚ್ಚು ಹಾಕಿಕೊಡುವ ಮುದ್ರಕರೇ ಇದನ್ನೂ ಹಾಕಿಕೊಟ್ಟರು. ಮುನ್ನೂರು ಪ್ರತಿ. ಹೆಸರು ‘ಕನ್ನಡಕ ಕೂರಿಸುವ ಬಗೆ’. ಹನ್ನೆರಡು ವರ್ಷ ಈ ಅಂಗಡಿಯಲ್ಲಿ ಕೂತು ಕಂಡದ್ದೆಲ್ಲ ಅದರಲ್ಲಿದೆ. ಕಾಣದೆ ಹೋದದ್ದೂ ಸ್ವಲ್ಪ ಇದೆ.

ನಾನು ಓದಲು ಕಲಿತದ್ದು ನಿಮ್ಮ ಮೇಜಿನ ಕೆಳಗೆ, ನೆನಪಿದೆಯೇ? ಹಾಳಾದ ಕರಡು ಹಾಳೆಗಳನ್ನು ನೀವು ಅಲ್ಲಿ ಎಸೆಯುತ್ತಿದ್ದಿರಿ, ನಾನು ಆರಿಸಿಕೊಂಡು ಓದುತ್ತಿದ್ದೆ. ಮುಖಪುಟದ ಮೇಲೆ ‘ಎಲ್ಲ ಬಗೆಯ ಓದುಗರಿಗೆ’ ಎಂದು ಅಚ್ಚಾಗುತ್ತಿದ್ದ, ಅಂಚೆಯಲ್ಲಿ ಪುಸ್ತಕ ಮಾರುವ ನಿಮ್ಮ ಕಂಪನಿಯ ಕ್ಯಾಟಲಾಗೇ ನನ್ನ ಮೊದಲ ಪುಸ್ತಕ. ಜೇನು ಸಾಕುವುದು, ಧೂಮಕೇತು, ಮಕ್ಕಳ ಕೆಮ್ಮು, ಸಮುದ್ರಗಳ್ಳರು, ದುಂಡು ಅಕ್ಷರ, ರಾಜರ ಕಾಯಿಲೆಗಳು. ಎಂಟು ವರ್ಷಕ್ಕೆಲ್ಲ ನನಗೆ ಏಳುನೂರು ಪುಸ್ತಕಗಳು ಎರಡೆರಡು ಸಾಲಿನಷ್ಟು ಗೊತ್ತಿದ್ದವು. ಒಂದನ್ನೂ ಓದಿರಲಿಲ್ಲ. ಮೇಷ್ಟ್ರ ಮುಂದೆ ಜಂಬ ಕೊಚ್ಚಿಕೊಂಡು ಸಿಕ್ಕಿಬಿದ್ದದ್ದೂ ಆಯಿತು.

ಈಗ ವಿಷಯಕ್ಕೆ ಬರುತ್ತೇನೆ. ಪುಸ್ತಕದ ಕೊನೆಯ ಅಧ್ಯಾಯದಲ್ಲಿ ನಿಮಗೆ ಒಂದು ಮಾತು ಕೇಳಿದ್ದೇನೆ. ನಿಮಗೆ ಮಾತ್ರ. ಅದಕ್ಕೆ ಉತ್ತರ ಬೇಕು, ಮತ್ತು ತಡಮಾಡದೆ ಬೇಕು. ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನೀವು ‘ಸರಿ, ಸರಿ, ಮತ್ತೇನು?’ ಎಂದು ಮೂರನೆಯ ಮಾತಿಗೆ ಇಟ್ಟುಬಿಡುತ್ತೀರಿ. ನೇರವಾಗಿ ಕೇಳಿದರೆ ಹೂಂ ಅನ್ನುತ್ತೀರಿ, ಅಪ್ಪನಾದವನು ಅನ್ನಲೇಬೇಕಲ್ಲ ಅಂತ. ಆ ಹೂಂ ನನಗೆ ಬೇಡ. ಮೊದಲ ಪುಟದಿಂದ ಓದಿ, ಈ ಹುಡುಗಿ ಯಾರು ಎಂದು ತಿಳಿದುಕೊಂಡು, ಆಮೇಲೆ ಉತ್ತರ ಕೊಡಿ. ನೂರ ನಲವತ್ತೆರಡೇ ಪುಟ ಅಪ್ಪಾ.

ನಿಮ್ಮ ಮಗಳು

ಜನವರಿ 24

ಪ್ರೀತಿಯ ಮರಿ,

ಪುಸ್ತಕ ಬಂತು. ಓದಿದೆ. ಕೂತಲ್ಲಿಂದ ಏಳದೆ ಒಂದೇ ಉಸಿರಿಗೆ ಓದಿ ಮುಗಿಸಿದೆ. ಭಾಷೆ ತಿಳಿಯಾಗಿದೆ, ಅಧ್ಯಾಯಗಳ ಜೋಡಣೆ ಅಚ್ಚುಕಟ್ಟಾಗಿದೆ, ವಿಷಯ ಎಲ್ಲರಿಗೂ ಬೇಕಾದದ್ದು. ಕೊನೆಯ ಅಧ್ಯಾಯವಂತೂ ಬಹಳ ಚೆನ್ನಾಗಿ ಬಂದಿದೆ. ನನ್ನ ಮಗಳು ಲೇಖಕಿ! ಆಫೀಸಿನಲ್ಲಿ ಎಲ್ಲರಿಗೂ ಮುಖಪುಟ ತೋರಿಸಿದೆ. ರವಾನೆ ವಿಭಾಗದವರು ಕೂಡ ಕೈ ಒರೆಸಿಕೊಂಡು ಬಂದು ಮುಟ್ಟಿ ನೋಡಿದರು.

ಇಲ್ಲಿ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಈ ಸಲದ ಕ್ಯಾಟಲಾಗಿಗೆ ಆರುನೂರ ನಲವತ್ತು ಹೊಸ ಪುಸ್ತಕ. ಮೇಜಿನ ಮೇಲೆ ಜಾಗವಿಲ್ಲದೆ ಕಿಟಕಿಯ ತನಕ ಪೇರಿಸಿದ್ದಾರೆ, ಹಗಲು ಹೊತ್ತಿನಲ್ಲೂ ದೀಪ ಹಾಕಿಕೊಂಡು ಬರೆಯುತ್ತೇನೆ. ಬೆಳಿಗ್ಗೆ ಸೇತುವೆ ಕಟ್ಟುವವರ ಚರಿತ್ರೆ, ಅದರ ಕೆಳಗೆ ಹೊಲಿಗೆ, ಅದರ ಕೆಳಗೆ ಹಾವುಗಳು, ಅದರ ಕೆಳಗೆ ‘ನಾಚಿಕೆ ಬಿಟ್ಟು ಮಾತಾಡುವುದು ಹೇಗೆ’. ಹೊಸ ಮ್ಯಾನೇಜರು ಗಾಜಿನ ಕೋಣೆಯಲ್ಲಿ ಕೂತು ನಮ್ಮನ್ನೆಲ್ಲ ಮೀನು ನೋಡುವ ಹಾಗೆ ನೋಡುತ್ತಾನೆ. ಗಾಜಿನ ಒಳಗಿರುವವನು ತಾನು ಎಂಬುದು ಅವನಿಗೆ ಹೊಳೆದಿಲ್ಲ. ಮೊನ್ನೆ ಬಂದು ಕೇಳಿದ:

“ಸಾರ್, ದಿನಕ್ಕೆ ಮೂವತ್ತು ಪುಸ್ತಕ ಹೆಂಗ್ ಓದ್ತೀರಿ?”

“ಓದೋದಾ? ಓದ್ತಾ ಕೂತ್ರೆ ಕ್ಯಾಟಲಾಗು ಬರೆಯೋದು ಯಾವಾಗ?” ಅಂದೆ. ತನ್ನ ಗಾಜಿನ ಕೋಣೆಗೆ ವಾಪಸು ಹೋದ.

ಮುಖಪುಟ, ಪರಿವಿಡಿ, ಹಿಂಬದಿಯ ಮಾತು, ಇಷ್ಟು ನೋಡಿದರೆ ಪುಸ್ತಕದ ನಾಡಿ ಕೈಗೆ ಸಿಗುತ್ತದೆ. ಮೂವತ್ತೊಂದು ವರ್ಷದ ಅಭ್ಯಾಸ. ನಿನ್ನದಕ್ಕೆ ಮಾತ್ರ ಹಾಗೆ ಮಾಡಲಿಲ್ಲ, ಆಣೆ. ಎಲ್ಲ ಪುಸ್ತಕಕ್ಕೂ ಎರಡು ಸಾಲು, ನಿನ್ನದಕ್ಕೆ ನಾಲ್ಕು ಸಾಲು ಕೊಡಿಸುತ್ತೇನೆ. ಮ್ಯಾನೇಜರ ಹತ್ತಿರ ಜಗಳವಾಡಿಯಾದರೂ ಸರಿ. ಅಪ್ಪನಿಂದ ಇನ್ನೇನು ಬೇಕು ನಿನಗೆ?

ನಿನ್ನ ಅಪ್ಪ

ಫೆಬ್ರವರಿ 3

ಅಪ್ಪಾ,

ಓದಿದ್ದೀರಿ ಎಂದು ತಿಳಿದ ದಿನ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ತೇಯುವ ಕಲ್ಲಿನ ಪಕ್ಕ ಸುಮ್ಮನೆ ಕೂತಿದ್ದೆ. ಅತ್ತೆನೋ ನಕ್ಕೆನೋ ನನಗೇ ಗೊತ್ತಾಗಲಿಲ್ಲ. ಆಮೇಲೆ ನಿಮ್ಮ ಕಾಗದವನ್ನು ಮತ್ತೊಮ್ಮೆ ಓದಿದೆ. ನಾಲ್ಕು ಸಲ ಓದಿದೆ. ಉತ್ತರ ಎಲ್ಲಾದರೂ ಸಾಲುಗಳ ಮಧ್ಯೆ ಇದೆಯೋ ಎಂದು ಹುಡುಕಿದೆ.

ಕೊನೆಯ ಅಧ್ಯಾಯ ಚೆನ್ನಾಗಿ ಬಂದಿದೆ ಎಂದಿದ್ದೀರಿ. ಅದನ್ನು ಓದಿ ಒಬ್ಬರು ಹೀಗೂ ಹೇಳಬಹುದು ಎಂದು ನಾನು ಎಣಿಸಿರಲಿಲ್ಲ. ಚೆನ್ನಾಗಿ ಬಂದದ್ದು ಇರಲಿ ಅಪ್ಪಾ. ನಾನು ಕೇಳಿದ್ದಕ್ಕೆ ಏನು ಹೇಳುತ್ತೀರಿ?

ಮೇಲಿನ ಮಹಡಿಯ ಮನೆ ಬಿಟ್ಟೆ. ಮೆಟ್ಟಿಲು ಜಾಸ್ತಿ. ಅಂಗಡಿಯ ಯಜಮಾನಮ್ಮ ತಮ್ಮ ಮನೆಯ ಕೆಳಗಿನ ಕೋಣೆ ಕೊಟ್ಟಿದ್ದಾರೆ. ಒಂದು ಮಂಚ, ಒಂದು ಕುರ್ಚಿ, ಬೀದಿಗೆ ತೆರೆಯುವ ಕಿಟಕಿ. ಹೋಗಿಬರುವವರ ಕಾಲು ಮಾತ್ರ ಕಾಣುತ್ತದೆ. ಚಪ್ಪಲಿ ನೋಡಿ ಮುಖ ಊಹಿಸುವುದು ನನ್ನ ಈಗಿನ ಕೆಲಸ. ವಿಳಾಸ ಹಿಂಬದಿಗೆ ಬರೆದಿದ್ದೇನೆ, ಗುರುತು ಮಾಡಿಕೊಳ್ಳಿ.

ಮಗಳು

ಫೆಬ್ರವರಿ 20

ಪ್ರೀತಿಯ ಮರಿ,

ಕಾಗದ ತಡವಾಯಿತು, ಹೊಟ್ಟೆಗೆ ಹಾಕಿಕೋ. ಕರಡು ಬಂದಿದೆ. ಈ ಸಲದ ಅಚ್ಚುಮೊಳೆ ಎಷ್ಟು ಸಣ್ಣದೆಂದರೆ ನಿನ್ನ ಅಂಗಡಿಯ ವ್ಯಾಪಾರ ಹೆಚ್ಚಿಸಲೆಂದೇ ನಮ್ಮ ಮ್ಯಾನೇಜರು ಹೀಗೆ ಮಾಡಿದಂತಿದೆ.

ನೀನು ಕೇಳಿದ ವಿಷಯ. ನಾನು ಮರೆತಿಲ್ಲ. ಇಲ್ಲ ಎನ್ನುವುದಿಲ್ಲ, ಹೂಂ ಎಂದು ಈಗಲೇ ಒಪ್ಪಿಕೊಳ್ಳಲೂ ಆಗುವುದಿಲ್ಲ. ಇಂಥದ್ದಕ್ಕೆಲ್ಲ ಅವಸರ ಒಳ್ಳೆಯದಲ್ಲ ಮರಿ. ಮೊದಲು ಕ್ಯಾಟಲಾಗು ಅಚ್ಚಿಗೆ ಹೋಗಲಿ, ರವಾನೆ ಮುಗಿಯಲಿ, ಏಪ್ರಿಲ್ ಕಳೆಯಲಿ. ಆಮೇಲೆ ನಿಧಾನವಾಗಿ ಕೂತು ಯೋಚಿಸೋಣ. ಇಷ್ಟು ದಿನ ಕಾದವಳು ಇನ್ನೆರಡು ತಿಂಗಳು ಕಾಯಲಾರೆಯಾ?

ಮಹಡಿ ಬಿಟ್ಟು ಕೆಳಗೆ ಬಂದದ್ದು ಒಳ್ಳೆಯದೇ ಆಯಿತು. ಬರೆಯುವವರಿಗೆ ಬೀದಿಯ ಮಗ್ಗುಲಲ್ಲಿ ಇರುವುದೇ ಮೇಲು. ಎರಡನೆಯ ಪುಸ್ತಕಕ್ಕೆ ಚಪ್ಪಲಿಗಳ ವಿಷಯವೇ ಸಿಕ್ಕಿತಲ್ಲ! ಅದನ್ನೂ ಕೈಕಸುಬು ವಿಭಾಗಕ್ಕೆ ಸೇರಿಸೋಣ.

ಅಪ್ಪ

ಮಾರ್ಚ್ 2
(ಅಂಚೆಗೆ ಹಾಕದ ಕಾಗದ)

ಅಪ್ಪಾ,

ಇದನ್ನು ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಬರೆಯದಿದ್ದರೆ ಮಾತ್ರ ತಲೆ ಸಿಡಿದುಹೋಗುತ್ತದೆ.

ಅವಸರ ಒಳ್ಳೆಯದಲ್ಲ ಎಂದು ಬರೆದಿದ್ದೀರಿ. ಯಾರಿಗೆ ಒಳ್ಳೆಯದಲ್ಲ? ಅಮ್ಮನಿಗೆ ಬಂದದ್ದೇ ನನಗೂ ಬಂದಿದೆ, ಅದೇ ಎದೆಯ ಗಂಟು, ಬೆನ್ನುಮೂಳೆಗೂ ಇಳಿದಿದೆ, ಡಾಕ್ಟರು ಏಪ್ರಿಲ್ ದಾಟುವುದು ಕಷ್ಟ ಎಂದಿದ್ದಾರೆ ಎಂದು ನೂರ ಮೂವತ್ತೆಂಟನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ. ಅದನ್ನು ಓದಿ ನೀವು ‘ಏಪ್ರಿಲ್ ಕಳೆಯಲಿ’ ಎಂದು ಬರೆದಿರಿ. ಎರಡು ತಿಂಗಳು ಕಾಯಲಾರೆಯಾ ಎಂದಿರಿ. ಕಾಯಲಾರೆ ಅಪ್ಪಾ. ಕಾಯುವುದು ನನ್ನ ಕೈಯಲ್ಲಿಲ್ಲ.

ಅಮ್ಮ ಮಲಗಿದ್ದ ಹನ್ನೊಂದು ವಾರ ನೀವು ಪಕ್ಕದ ಕೋಣೆಯಲ್ಲಿ ಕೂತು ಕ್ಯಾಟಲಾಗು ಬರೆದಿರಿ. ದಿನಕ್ಕೊಂದು ಸಲ ಬಾಗಿಲ ತನಕ ಬಂದು, ಚೌಕಟ್ಟಿಗೆ ಕೈಯಿಟ್ಟು, ‘ಹೇಗಿದೆ?’ ಎಂದು ಕೇಳಿ ಹೋಗುತ್ತಿದ್ದಿರಿ. ಒಳಗೆ ಬರಲಿಲ್ಲ. ನನಗೆ ಹದಿನಾಲ್ಕು ವರ್ಷ, ನಿಮ್ಮನ್ನು ಕರೆಯುತ್ತೇನೆ ಎಂದು ಎದ್ದರೆ ಅಮ್ಮ ತಡೆಯುತ್ತಿದ್ದಳು. “ಬೇಡ ಕಣೇ, ಕೆಲಸದಲ್ಲಿದ್ದಾರೆ” ಅನ್ನುತ್ತಿದ್ದಳು. ಕೊನೆಯ ದಿನವೂ ಅದನ್ನೇ ಅಂದಳು. ಇದನ್ನು ಇಪ್ಪತ್ತೆರಡು ವರ್ಷ ಯಾರ ಮುಂದೂ ಬಾಯಿಬಿಟ್ಟಿರಲಿಲ್ಲ. ಪುಸ್ತಕದಲ್ಲಿ ಬರೆದೆ. ಬೈದು ಬರೆಯಲಿಲ್ಲ, ನಿಮಗೆ ಹೆದರಿಕೆಯಾಗಿತ್ತು ಎಂದು ನನಗೆ ಈಗ ಗೊತ್ತಾಗುತ್ತದೆ ಎಂದೇ ಬರೆದೆ. ನನ್ನ ಕೋಣೆಗಾದರೂ ಬಾಗಿಲು ದಾಟಿ ಬಂದು ಕೂರುತ್ತೀರಾ ಎಂದು ಕೇಳಿದೆ. ಅಷ್ಟೇ ಕೇಳಿದ್ದು.

ನೀವು ಎಲ್ಲ ಓದಿಯೂ ಬರುವುದಿಲ್ಲ ಎಂದರೆ ನನ್ನ ಮನಸ್ಸಿಗೆ ಸಮಾಧಾನ ಹೇಳಲು ಇನ್ನು ಏನೂ ಉಳಿದಿಲ್ಲ. ಓದದವರಾಗಿದ್ದರೆ ಕ್ಷಮಿಸಬಹುದಿತ್ತು. ಯಜಮಾನಮ್ಮ ಕೇಳುತ್ತಾರೆ, “ನಿಮ್ಮಪ್ಪಂಗೆ ತಿಳಿಸಿದ್ಯೇನಮ್ಮಾ?” ಅಂತ. ತಿಳಿಸಿದ್ದೇನೆ ಅನ್ನುತ್ತೇನೆ. “ಮತ್ತೆ?” ಅನ್ನುತ್ತಾರೆ. ಆ ‘ಮತ್ತೆ’ಗೆ ನಾನು ಗೋಡೆ ಕಡೆ ತಿರುಗಿ ಮಲಗುತ್ತೇನೆ.

ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದರೆ

ಮಾರ್ಚ್ 4

ಅಪ್ಪಾ,

ನಿಮ್ಮ ಕಾಗದ ತಲುಪಿತು. ನೀವು ಹೇಳಿದ ಹಾಗೇ ಆಗಲಿ. ಕ್ಯಾಟಲಾಗು ಬಂದ ಮೇಲೆ ಒಂದು ಪ್ರತಿ ಕಳಿಸಿ, ಹೊತ್ತು ಹೋಗುತ್ತದೆ.

ಮಗಳು

ಮಾರ್ಚ್ 19

ನಮ್ಮ ಲೇಖಕಿಯವರಿಗೆ,

ಮೂರೇ ಸಾಲು! ನಾನು ಹಾವುಗಳಿಗೆ ಎರಡು ಸಾಲು ಕೊಟ್ಟಿದ್ದೇನೆ, ನೀನು ಅಪ್ಪನಿಗೆ ಮೂರು ಕೊಟ್ಟಿದ್ದೀಯ. ಪುಸ್ತಕ ಅಚ್ಚಾದ ಮೇಲೆ ಕೊಂಬು ಬರುತ್ತದೆ ಎಂದು ಕೇಳಿದ್ದೆ, ಇಷ್ಟು ಬೇಗ ಎಂದು ಗೊತ್ತಿರಲಿಲ್ಲ. ತಮಾಷೆಗೆ ಹೇಳಿದೆ. ಸಿಟ್ಟಾಗಬೇಡ.

ಕ್ಯಾಟಲಾಗು ಅಚ್ಚಾಗಿ ಬಂತು! ಇನ್ನೂರ ಎಂಟು ಪುಟ, ಬಿಸಿಬಿಸಿಯಾಗಿ ಒಂದು ಪ್ರತಿಯನ್ನು ನಿನಗೇ ಮೊದಲು ಕಳಿಸುತ್ತಿದ್ದೇನೆ. ಅಂಟಿನ ವಾಸನೆ ಇನ್ನೂ ಹೋಗಿಲ್ಲ, ಚಿಕ್ಕವಳಿದ್ದಾಗ ಅದನ್ನು ಮೂಸಿ ಮೂಸಿ ಸೀನುತ್ತಿದ್ದೆ. ಇದೇ ನನ್ನ ಕೊನೆಯ ಕ್ಯಾಟಲಾಗು ಎಂದು ಕಾಣುತ್ತದೆ. ಮುಂದಿನ ವರ್ಷದಿಂದ ಪ್ರಕಾಶಕರು ಕಳಿಸಿದ ಮಾತನ್ನೇ ಹಾಗೇ ಹಾಕುತ್ತಾರಂತೆ. ಬೇಸರವೇನಿಲ್ಲ. ಸ್ವಲ್ಪ ಇದೆ.

ನಿನಗೆ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ನಾಲ್ಕು ಸಾಲು. ಮ್ಯಾನೇಜರು, “ಸಾರ್, ಮಗಳು ಅಂತ ಜಾಸ್ತಿ ಜಾಗ ಕೊಡೋ ಹಂಗಿಲ್ಲ” ಅಂದ. “ಹಂಗಾದ್ರೆ ನನ್ನ ಹೆಸರಿನ ಜಾಗ ತೆಗೆದು ಅವಳಿಗೆ ಕೊಡಿ” ಅಂದೆ. ಕೊನೆಯ ಪುಟದಲ್ಲಿ ಸಂಪಾದಕ ಎಂದು ಪ್ರತಿವರ್ಷ ಬರುತ್ತಿದ್ದ ನನ್ನ ಹೆಸರು ಈ ಸಲ ಇಲ್ಲ. ನಿನ್ನ ಸಾಲುಗಳು ಇವೆ. ಪುಟ ಹೇಳುವುದಿಲ್ಲ, ನೀನೇ ಹುಡುಕಿ ನೋಡು. ನೋಡಿದ ಕೂಡಲೇ ಬರಿ.

ಅಪ್ಪ

ಮಾರ್ಚ್ 30

ಅಪ್ಪಾ,

ಸಿಕ್ಕಿತು. ಪುಟ ನೂರ ಅರವತ್ತೊಂದು. ‘ಕೈಕಸುಬು ಮತ್ತು ಮನೆ ರಿಪೇರಿ’. ಮೇಲೆ ಸೋರುವ ನಲ್ಲಿ, ಕೆಳಗೆ ಕುರ್ಚಿಗೆ ಬೆತ್ತ ಹೆಣೆಯುವುದು, ನಡುವೆ ನಾನು.

‘ಗಾಜಿನ ಆಯ್ಕೆ, ಚೌಕಟ್ಟಿನ ಅಳತೆ, ಗೀರು ಬೀಳದಂತೆ ಒರೆಸುವ ವಿಧಾನ, ಎಲ್ಲವನ್ನೂ ಅನುಭವಿ ಲೇಖಕಿ ಸರಳವಾಗಿ ತಿಳಿಸಿದ್ದಾರೆ. ಕೊನೆಯ ಅಧ್ಯಾಯ ವಿಶೇಷವಾಗಿ ಉಪಯುಕ್ತ. ಕನ್ನಡಕ ಹಾಕುವ ಮನೆಮಂದಿಯೆಲ್ಲ ನಗುನಗುತ್ತಾ ಓದಿ ಕಲಿಯಬಹುದಾದ ಕೈಪಿಡಿ. ಉಡುಗೊರೆಗೂ ಒಪ್ಪುತ್ತದೆ.’

ಓದಿ ನಾನು ನಕ್ಕ ನಗುವಿಗೆ ಯಜಮಾನಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದರು. ನಗಬಾರದು, ನಕ್ಕರೆ ಬೆನ್ನು ಹಿಡಿಯುತ್ತದೆ. ಆದರೂ ನಕ್ಕೆ. ಅಪ್ಪಾ, ನೀವು ಓದೇ ಇಲ್ಲ! ಒಂದು ಪುಟವನ್ನೂ ಓದಿಲ್ಲ. ಪರಿವಿಡಿ ನೋಡಿ ಬರೆದಿದ್ದೀರಿ, ಹಾವುಗಳಿಗೆ ಬರೆದ ಹಾಗೆ!

ನನಗೆ ಎಷ್ಟು ಹಗುರವಾಯಿತು ಎಂದು ನಿಮಗೆ ಹೇಗೆ ತಿಳಿಸಲಿ. ಎರಡು ತಿಂಗಳು ನಾನು ಬೇರೆ ಯಾರೋ ಒಬ್ಬ ಅಪ್ಪನ ಜೊತೆ ಜಗಳವಾಡುತ್ತಿದ್ದೆ. ಎಲ್ಲವನ್ನೂ ಓದಿ, ತಿಳಿದು, ಆಮೇಲೆ ತಲೆ ಅಲ್ಲಾಡಿಸಿದ ಅಪ್ಪ. ಅಂಥವನು ಇಲ್ಲವೇ ಇಲ್ಲ. ಇರುವುದು ನೀವು, ಓದದೆಯೇ ಓದಿದೆ ಎಂದು ಆಣೆ ಹಾಕುವವರು. ಸುಳ್ಳುಬುರುಕ ಅಪ್ಪನನ್ನು ನಾನು ಸಹಿಸಬಲ್ಲೆ. ಹುಟ್ಟಿದಾಗಿನಿಂದ ಅಭ್ಯಾಸವಿದೆ.

ನಿಮ್ಮ ಹೆಸರು ತೆಗೆಸಿ ನನಗೆ ಎರಡು ಸಾಲು ಹೆಚ್ಚಿಗೆ ಕೊಡಿಸಿದ್ದೀರಿ. ಅದನ್ನು ಯೋಚಿಸಿದರೆ ಮಾತ್ರ ನಗು ನಿಂತುಹೋಗುತ್ತದೆ.

ಈಗ ಒಂದು ಮಾತು ಹೇಳುತ್ತೇನೆ, ಗಮನಿಸಿ ಕೇಳಿ. ಇನ್ನು ಆ ಪುಸ್ತಕವನ್ನು ಓದಬೇಡಿ. ಅದರಲ್ಲಿ ಕೇಳಿದ್ದಕ್ಕೆ ಕಾಲ ಮೀರುತ್ತಾ ಬಂತು. ಓದಿದರೆ ನಿಮಗೆ ನೋವಾಗುತ್ತದೆ, ನನಗೆ ಲಾಭವೇನೂ ಇಲ್ಲ. ಕಪಾಟಿನ ಮೇಲೆ ಇಟ್ಟುಬಿಡಿ. ಹೇಳುವುದು ಹೇಳಿದ್ದೇನೆ. ನನ್ನ ಮಾತನ್ನು ನೀವು ಯಾವತ್ತು ಕೇಳಿದ್ದೀರಿ ಎಂಬುದು ಬೇರೆ ವಿಷಯ.

ದಿಂಬಿಗೆ ಒರಗಿ ನಿಮ್ಮ ಕ್ಯಾಟಲಾಗನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಪೆನ್ಸಿಲ್ಲು ಹಿಡಿದು, ಬೇಕೆನಿಸಿದ ಪುಸ್ತಕಗಳಿಗೆ ಗುರುತು ಹಾಕುತ್ತಾ ಹೋದೆ. ಸಣ್ಣ ದೋಣಿ ಕಟ್ಟುವುದು, ವಲಸೆ ಹಕ್ಕಿಗಳು, ಉಪ್ಪಿನ ಚರಿತ್ರೆ, ಮುದುಕಿಯರ ಸಾಹಸ ಯಾತ್ರೆಗಳು, ಅಂಕಗಣಿತ ಎಂದರೆ ಹೆದರುವವರಿಗಾಗಿ. ಹದಿನೇಳಾಯಿತು. ಆಮೇಲೆ ಪುಟಗಳ ಸಂಖ್ಯೆ ನೋಡಿಕೊಂಡು ಒಂದೊಂದಾಗಿ ಅಳಿಸಿದೆ. ದಪ್ಪದ್ದನ್ನು ಮೊದಲು ಅಳಿಸಿದೆ. ಕೊನೆಗೆ ಮಕ್ಕಳ ವಿಭಾಗದ ಒಂದು ಉಳಿಯಿತು, ಇಪ್ಪತ್ತನಾಲ್ಕು ಪುಟ, ದಪ್ಪ ಅಕ್ಷರ, ಆಮೆಯ ಕಥೆ. ಅದನ್ನು ಯಜಮಾನಮ್ಮ ತರಿಸಿಕೊಡುತ್ತಾರಂತೆ.

ಊಟ ಸರಿಯಾಗಿ ಮಾಡಿ. ಕರಡು ನೋಡುವಾಗ ಹಳೆಯ ಕನ್ನಡಕ ಹಾಕಬೇಡಿ, ಅದರ ನಂಬರು ಹೋಗಿದೆ.

ನಿಮ್ಮ ಮರಿ

ಏಪ್ರಿಲ್ 12

ಪ್ರೀತಿಯ ಮರಿ,

ಸಿಕ್ಕಿಬಿದ್ದೆ. ನಿನ್ನ ಕಾಗದ ಓದುವಾಗ ಕಿವಿಯೆಲ್ಲ ಬಿಸಿಯಾಯಿತು. ಕ್ಷಮಿಸು ಎಂದು ಬರೆದು, ಹೊಡೆದು ಹಾಕಿ, ಮತ್ತೆ ಬರೆಯುತ್ತಿದ್ದೇನೆ. ಕ್ಷಮಿಸು. ನಿನ್ನದಾದರೂ ಓದಬೇಕಿತ್ತು. ದಿನವೂ ಕೈಗೆತ್ತಿಕೊಳ್ಳುತ್ತಿದ್ದೆ, ಏನಾದರೊಂದು ಅಡ್ಡ ಬರುತ್ತಿತ್ತು.

ನೀನು ಮುನಿಸಿಕೊಳ್ಳದೆ ನಕ್ಕೆ ಎಂದು ತಿಳಿದು ಹೋದ ಜೀವ ಬಂದ ಹಾಗಾಯಿತು. ಓದಬೇಡಿ ಎಂದಿದ್ದೀಯ, ಸರಿ, ಓದುವುದಿಲ್ಲ. ಈ ಸಲವಾದರೂ ನಿನ್ನ ಮಾತು ಕೇಳುತ್ತೇನೆ. ಮನೆಗೆ ಹೋದ ಕೂಡಲೇ ಅದನ್ನು ಕಾಗದದಲ್ಲಿ ಸುತ್ತಿ ಕಪಾಟಿನ ಮೇಲಿನ ಹಲಗೆಗೆ ಇಟ್ಟಿದ್ದೇನೆ.

ಒಂದು ತಮಾಷೆ ಕೇಳು. ಯಾರೋ ಓದುಗರು ನಿನ್ನ ಪುಸ್ತಕ ತರಿಸಿಕೊಂಡು ವಾಪಸು ಕಳಿಸಿದ್ದಾರೆ. ಜೊತೆಗೆ ಚೀಟಿ: ‘ಇದು ಕೈಪಿಡಿಯಲ್ಲ. ಹೆಂಡತಿಗೆ ಉಡುಗೊರೆ ಕೊಟ್ಟೆ. ಓದಿದ ಮೇಲೆ ಅವಳು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.’ ಮ್ಯಾನೇಜರು ಅದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟು, ಓದಿ ತಿದ್ದುಪಡಿ ಬರೆದುಕೊಡಿ ಎಂದ. “ಲೇಖಕಿ ನನಗೆ ಓದಬಾರದು ಅಂತ ಹೇಳಿದಾಳೆ ಕಣಯ್ಯಾ” ಅಂದೆ. ಅವನ ಮುಖ ನೋಡಬೇಕಿತ್ತು. ಅಷ್ಟು ದುಃಖದ್ದು ಏನು ಬರೆದೆ ಮಾರಾಯ್ತಿ, ಕನ್ನಡಕದ ಬಗ್ಗೆ?

ರವಾನೆ ಮುಗಿಯಲಿ, ಮೇ ತಿಂಗಳಲ್ಲಿ ನಾನೇ ಬರುತ್ತೇನೆ. ಎರಡು ದಿನದ ರೈಲು ಪ್ರಯಾಣ ಎಂದು ಹನ್ನೆರಡು ವರ್ಷ ನೆಪ ಹೇಳಿದೆ. ಇನ್ನು ಹೇಳುವುದಿಲ್ಲ. ಆ ಹದಿನೇಳೂ ಪುಸ್ತಕಗಳ ಹೆಸರು ಬರೆದು ಕಳಿಸು, ಅಳಿಸಿದ್ದನ್ನೂ ಸೇರಿಸಿ. ನೌಕರರ ದರದಲ್ಲಿ ತರುತ್ತೇನೆ. ನೀನು ಒಂದೊಂದಾಗಿ ಓದು, ಆತುರವೇನಿದೆ?

ಅಪ್ಪ

ಮೇ 4

ಮರಿ,

ಇದನ್ನು ಹಾಕಲು ವಿಳಾಸವಿಲ್ಲ. ನಿನ್ನ ವಿಳಾಸದಲ್ಲೇ ಕೂತು ಬರೆಯುತ್ತಿದ್ದೇನೆ.

ಮೇ ಒಂದರಂದು ಆಫೀಸಿಗೆ ಫೋನ್ ಬಂತು. ನಿನ್ನ ಯಜಮಾನಮ್ಮ. ಏಪ್ರಿಲ್ ಇಪ್ಪತ್ತೊಂದಕ್ಕೇ ನೀನು ಹೋದೆ ಎಂದರು. ನಾನು ಕೂಗಾಡಿದೆ, ಹತ್ತು ದಿನ ಏನು ಮಾಡ್ತಿದ್ರಿ ಎಂದು ಬಾಯಿಗೆ ಬಂದದ್ದು ಅಂದೆ. ಅವರು ಎಲ್ಲ ಕೇಳಿಸಿಕೊಂಡು, “ಅವಳೇ ಹೇಳಿದ್ಲು ಕಣಪ್ಪಾ. ಅಪ್ಪಂಗೆ ಕೆಲಸ ಇರುತ್ತೆ, ಏಪ್ರಿಲ್ ಮುಗಿದ ಮೇಲೆ ತಿಳಿಸಿ ಅಂತ” ಅಂದರು. ಅದು ನನ್ನದೇ ಮಾತು. ಅಮ್ಮನ ಮಾತೂ ಹೌದು.

ಪುಸ್ತಕವನ್ನು ರೈಲಿನಲ್ಲಿ ಓದಿದೆ. ಈ ಸಲ ನಿಜವಾಗಿ ಓದಿದೆ, ನೂರ ನಲವತ್ತೆರಡು ಪುಟ. ಎದುರು ಕೂತ ಹೆಂಗಸು ನನ್ನ ಕೈಯಿಂದ ಅದನ್ನು ಎರಡು ಸಲ ತೆಗೆದು ಪಕ್ಕಕ್ಕಿಟ್ಟು ನೀರು ಕುಡಿಸಿದರು. ಮೂರು ಗಂಟೆಯೂ ಬೇಕಾಗಲಿಲ್ಲ ಮರಿ. ಜನವರಿಯಿಂದ ನನ್ನ ಹತ್ತಿರ ಇದ್ದದ್ದು ಮೂರು ಗಂಟೆಯ ಕೆಲಸ.

ದಿನವೂ ಏನಾದರೊಂದು ಅಡ್ಡ ಬರುತ್ತಿತ್ತು ಎಂದು ಬರೆದಿದ್ದೆ. ಅದೂ ಸುಳ್ಳು. ಪೊಟ್ಟಣ ಬಂದ ದಿನವೇ ಬಿಚ್ಚಿದೆ, ನೀನು ಹೇಳಿದ ಹಾಗೆ ಮನೆಯಲ್ಲಿ, ಕುರ್ಚಿಯಲ್ಲಿ ಕೂತು. ಮೊದಲ ಹಾಳೆ ತಿರುಗಿಸಿದರೆ ಅರ್ಪಣೆ. ‘ಅಮ್ಮ ಮಲಗಿದ್ದ ಕೋಣೆಗೆ.’ ಗಬಕ್ಕನೆ ಆ ಹಾಳೆ ಮಗುಚಿ ಪರಿವಿಡಿಗೆ ಹೋದೆ. ಗಾಜು, ಅಳತೆ, ಚೌಕಟ್ಟು, ಗೀರು ಎಂದು ಇತ್ತು. ಅಬ್ಬಾ, ಕನ್ನಡಕದ ವಿಷಯವೇ ಎಂದು ಮನಸ್ಸಿಗೆ ನಾನೇ ಹೇಳಿಕೊಂಡು ಮುಚ್ಚಿದೆ. ಕೈಪಿಡಿ ಅಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಆದರೂ ಕೈಕಸುಬು ವಿಭಾಗದ ಚೀಟಿ ಹಚ್ಚಿದೆ. ಅಲ್ಲಿದ್ದರೆ ನನಗೆ ಕ್ಷೇಮ ಅನ್ನಿಸಿತ್ತು.

ಇದಕ್ಕಿಂತ ಹೀನವಾದದ್ದು ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಓದಬೇಡಿ ಎಂದು ನೀನು ಬರೆದಾಗ ನನಗೆ ಸಂತೋಷವಾಯಿತು. ‘ನನ್ನ ಮಾತನ್ನು ನೀವು ಯಾವತ್ತು ಕೇಳಿದ್ದೀರಿ’ ಎಂದು ನೀನು ಕೆಳಗೇ ಬರೆದಿದ್ದೆ. ಈ ಮಾತು ಕೇಳಬೇಡಿ ಅಪ್ಪಾ, ಓದಿ, ಹೊರಟು ಬನ್ನಿ ಎಂದು ಅದರ ಅರ್ಥ. ಮೂವತ್ತೊಂದು ವರ್ಷ ಪುಸ್ತಕದ ನಾಡಿ ಹಿಡಿದವನಿಗೆ ಮಗಳ ಒಂದು ಸಾಲಿನ ನಾಡಿ ಸಿಗಲಿಲ್ಲ. ಕಾಗದ ಕೈಗೆ ಬಂದದ್ದು ಏಪ್ರಿಲ್ ಆರಕ್ಕೆ. ಅವತ್ತು ಹೊರಟಿದ್ದರೆ ಎಂಟಕ್ಕೆ ಇಲ್ಲಿರುತ್ತಿದ್ದೆ. ಹದಿಮೂರು ದಿನ ಸಿಗುತ್ತಿತ್ತು ನಮಗೆ. ನಾನು ವಿಧೇಯನಾಗಿ ಪುಸ್ತಕವನ್ನು ಕಾಗದದಲ್ಲಿ ಸುತ್ತುತ್ತಿದ್ದೆ.

ಯಜಮಾನಮ್ಮ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ನಿನ್ನ ಮೂರು ಸೀರೆ, ಗಾಜು ಹಿಡಿಯುವ ಚಿಮಟ, ಹಾಸಿಗೆಯ ಕೆಳಗಿದ್ದ ಕಾಗದಗಳ ಕಟ್ಟು, ಇಷ್ಟನ್ನು ತಂದು ಕೊಟ್ಟರು. ಅದರಲ್ಲಿ ನೀನು ಅಂಚೆಗೆ ಹಾಕದ ಕಾಗದವಿತ್ತು. ‘ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದರೆ’ ಎಂದು ಬರೆದು ನಿಲ್ಲಿಸಿದ್ದೀಯ. ಮುಂದಿನದನ್ನು ನಾನೇ ಬರೆದುಕೊಳ್ಳಲು ನೋಡಿದೆ, ಬರುವುದಿಲ್ಲ. ನೀನೇ ಬೈದು ಮುಗಿಸಬೇಕಿತ್ತು. ನನಗೆ ಆ ಬೈಗುಳ ಬೇಕು ಮರಿ.

ಕೊನೆಗೆ ಕೇಳಿದೆ, “ಅವಳು ಏನಾದ್ರೂ ಅಂದ್ಲಾ? ಕೊನೇಲಿ?”

ಅವರು, “ಯಾರಾದ್ರೂ ಕಿಟಕಿ ಮುಂದೆ ನಿಂತ್ರೆ ಸಾಕು, ‘ಅದು ಯಾರ ಚಪ್ಪಲಿ, ನೋಡಿ ಅಮ್ಮಾ’ ಅಂತಿದ್ಲು” ಎಂದು ಹೇಳಿ ಒಳಗೆ ಹೋದರು.

ನಿನ್ನೆ ಬೆಳಿಗ್ಗೆ ಬಂದವನು ಈ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ, ಚೌಕಟ್ಟಿಗೆ ಕೈಯಿಟ್ಟುಕೊಂಡು. ಕಾಲು ಮುಂದೆ ಹೋಗಲಿಲ್ಲ. ಅಮ್ಮನ ಕೋಣೆಯ ಮುಂದೆಯೂ ಹೀಗೇ ಆಗುತ್ತಿತ್ತು. ಹೆದರಿಕೆ ಎಂದು ನೀನು ಸರಿಯಾಗಿಯೇ ಬರೆದಿದ್ದೀಯ. ಒಳಗೆ ಹೋದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಹೋಗದಿದ್ದರೂ ನಿಜವೇ ಆಯಿತು, ಎರಡು ಸಲವೂ.

ನೀನು ಕೇಳಿದ್ದಕ್ಕೆ ಉತ್ತರ ಹೇಳಬೇಕು. ನೂರ ನಲವತ್ತೆರಡನೆಯ ಪುಟ, ಕೆಳಗಿನಿಂದ ಮೂರನೆಯ ಸಾಲು: ‘ನನ್ನ ಕೋಣೆಗಾದರೂ ಬಾಗಿಲು ದಾಟಿ ಬಂದು ಕೂರುತ್ತೀರಾ ಅಪ್ಪಾ?’

ದಾಟಿ ಬಂದಿದ್ದೇನೆ ಮರಿ. ಮಂಚದ ಪಕ್ಕದ ಕುರ್ಚಿಯಲ್ಲೇ ಕೂತಿದ್ದೇನೆ. ಹಾಸಿಗೆ ಸುತ್ತಿ ಇಟ್ಟಿದ್ದಾರೆ.

ಅಪ್ಪ